ಬೋಳು ಗೆರೆ

ಮಚವೆಯಿಂದ ಇಳಿಸುವಾಗ ಹಗ್ಗ ಜಾರಿ
ಎರಡು ಪೆಟ್ಟಿಗೆ ಅಘನಾಶಿನಿಯ ಪಾಲಾದವು.
ಒಂದನ್ನು ಜಟ್ಟಿ ಹರಿಕಂತ್ರ ಮೂರು ಇಳಿತ ಮುಳುಗಿ
ಮೇಲೆ ತಂದ. ಇನ್ನೊಂದನ್ನು,
ಉಣ್ಣೆ ಹಿಂಜುವ ಎರಡನೇ ಉರುಳೆಯನ್ನು,
ಹೊಳೆ ತನ್ನಲ್ಲೇ ಇಟ್ಟುಕೊಂಡಿತು.

ನಮ್ಮ ಗಿರಣಿಯ ಚರಿತ್ರೆ ಹೀಗೆ ನಷ್ಟದ ಬಾಬಿನಿಂದ ಶುರು.
ಪುಂಡಲೀಕಜ್ಜ ಮುಂಬಯಿಯ ಹಳೇ ಯಂತ್ರ ಕೊಂಡಾಗ
ತದಡಿಯ ಬಂದರಲ್ಲಿ ನಕ್ಕಿದ್ದರಂತೆ:
ಈ ಸೆಕೆಯಲ್ಲಿ ಉಣ್ಣೆಯೇ ಮಾರಾಯ,
ಸಿಗಡಿಗೆ ಅಂಗಿ ಹೊಲಿಸುತ್ತೀಯಾ?
ಅಜ್ಜ ಮಾತಾಡಲಿಲ್ಲ. ಅವನಿಗೆ ಗೊತ್ತಿತ್ತು
ರಾತ್ರಿ ಮೂರಕ್ಕೆ ಬಲೆ ಕಾಯುವವನ ಬೆನ್ನು,
ದೇವಿಮನೆ ಘಟ್ಟ ಇಳಿಯುವ ಗಾಡಿಯವನ ಹೆಗಲು,
ಗದ್ದೆಯಂಚಿಗೆ ಹಂದಿ ಕಾಯುವವನ ಮೊಣಕಾಲು.

ರಾಣೆಬೆನ್ನೂರ ಕಡೆಯಿಂದ ಹಾಲಪ್ಪನ ಗಾಡಿ,
ಅದಕ್ಕಿಂತ ಮೊದಲೇ ಊರಿಗೆ ಬರುವ ಕುರಿಯ ವಾಸನೆ.
ಸೋಮಿ ಗೌಡ್ತಿ, ಅವಳ ಇಬ್ಬರು ಸೊಸೆಯರು
ಸಿಹಿನೀರ ಬಾವಿಯ ಹತ್ತಿರ ತೊಳೆದೂ ತೊಳೆದೂ
ಮುಳ್ಳು, ಹಿಕ್ಕೆ, ಬಯಲುಸೀಮೆಯ ಕೆಂಪು ಧೂಳು
ಬಿಡಿಸುವರು. ಉಪ್ಪುನೀರು ತಾಗಿದರೆ
ಉಣ್ಣೆಗೆ ಸಿಟ್ಟು ಬರುತ್ತದೆ, ಎನ್ನುವಳು ಸೋಮಿ.

ಎತ್ತಿ ತಂದ ಪೆಟ್ಟಿಗೆಯಲ್ಲಿ ಮಗ್ಗದ ಹಣಿಗೆ.
ಎಡದಂಚಿನಿಂದ ನಾಲ್ಕು ಬೆರಳಿಗೆ ಒಂದು ಹಲ್ಲು ಬಾಗಿ
ನೇಯ್ದ ಕಂಬಳಿಗೆಲ್ಲ ಉದ್ದಕ್ಕೂ ಒಂದು ಬೋಳು ಗೆರೆ,
ಬೈತಲೆಯ ಹಾಗೆ.
ಬೇರೆ ಹಣಿಗೆ ಕಳಿಸಿ ಎಂದು ಬರೆದರೆ
ಮುಂಬಯಿಯಿಂದ ಉತ್ತರ: ಯುದ್ಧ.
ಯುದ್ಧ ಮುಗಿಯಿತು. ಅಜ್ಜನ ಹಲ್ಲೂ ಉದುರಿದವು.
ಗೆರೆ ಮಾತ್ರ ಹಾಗೇ.

ಅಪ್ಪ ಕಲಿತವರು. ಗಿರಣಿ ಕೈಗೆ ಬಂದ ವರ್ಷವೇ
ಹೊಸ ಹಣಿಗೆ ತರಿಸಿದರು.
ಕಂಬಳಿ ಈಗ ಸಾರಿಸಿದ ಅಂಗಳದಷ್ಟು ಸಪಾಟು.
ಗೋಕರ್ಣದ ಅಂಗಡಿಯಿಂದ ಹನ್ನೆರಡು ವಾಪಸು,
ಹೊನ್ನಾವರದಿಂದ ಮೂವತ್ತು, ಜೊತೆಗೊಂದು ಚೀಟಿ:
ಇದು ನಿಮ್ಮದಲ್ಲ. ನಿಮ್ಮ ಹೆಸರಲ್ಲಿ
ಯಾರೋ ಮಾರುತ್ತಿದ್ದಾರೆ, ಜೋಪಾನ.

ಬೆರಳಾಡಿಸಿ ನೋಡುತ್ತಿದ್ದರಂತೆ ಜನ,
ಕತ್ತಲಲ್ಲಿ, ದೋಣಿಯ ಮೇಲೆ, ತನ್ನದು ಯಾವುದೆಂದು.

ಮೂರು ದಿನ ಅಪ್ಪ ಉಂಡು ಸುಮ್ಮನೆ ಎದ್ದರು.
ನಾಲ್ಕನೇ ದಿನ ದ್ವಾರಕಾಬಾಯಿ,
ಅಜ್ಜನ ತಂಗಿ, ಹನ್ನೆರಡಕ್ಕೇ ಗಂಡ ಸತ್ತವಳು,
ಪಗಾರದ ಪುಸ್ತಕದಲ್ಲಿ ಎಲ್ಲೂ ಇಲ್ಲದವಳು,
ಸೆರಗು ಸಿಕ್ಕಿಸಿ, ಇಕ್ಕಳ ಹಿಡಿದು ಹೋಗಿ
ಹೊಸ ಹಣಿಗೆಯ ಹಲ್ಲೊಂದನ್ನು ಬಾಗಿಸಿದಳು.
ನಾಲ್ಕು ಬೆರಳು ಅಳೆದೇ.
ತನ್ನ ಬೆರಳು ಸಪೂರ, ಅಣ್ಣನದು ದಪ್ಪ ಎಂದು
ನಡುವೆ ಒಂದು ಹಿಡಿಕಡ್ಡಿ ಸೇರಿಸಿ.

ಗಿರಣಿ ಮುಚ್ಚಿದ ದಿನ ಯಾವುದೆಂದು ಯಾರಿಗೂ ನೆನಪಿಲ್ಲ.
ಮಳೆಗಾಲಕ್ಕೆ ನಿಲ್ಲಿಸಿದ್ದು; ದಸರೆ ಬಂತು, ಪಟ್ಟಾ ಹಾಕಲಿಲ್ಲ.
ಮಸ್ತಾನಸಾಬರು ಮಾತ್ರ ಒಂದು ತಿಂಗಳು
ಎಂಟಕ್ಕೆ ಬಂದು ಬಾಗಿಲ ಬಳಿ ಕೂತು ಐದಕ್ಕೆ ಎದ್ದರು.

ಮಗ್ಗ, ಉರುಳೆ ಎಲ್ಲ ಕಿಲೋ ಲೆಕ್ಕಕ್ಕೆ
ತೂಗಿ ಕೊಟ್ಟವಳು ನಾನು.
ಗುಜರಿಯವನು ಬಲ್ಲವನು, ಖಾಲಿ ಅಚ್ಚು ನೋಡಿ
ಇನ್ನೊಂದು ಎಲ್ಲಿ, ಎಂದ.
ಹೊಳೆಯ ಕಡೆ ಕೈ ತೋರಿಸಿದೆ.

ಅಮಾಸೆಯ ದೊಡ್ಡ ಇಳಿತಕ್ಕೆ ಅದರ ಬೆನ್ನು ಕಾಣುತ್ತದೆ.
ಹೆಂಗಸರು ಸೊಂಟದ ನೀರಿಗಿಳಿದು, ಕತ್ತಿಯಲ್ಲಿ ಕಿತ್ತು,
ಬುಟ್ಟಿಗಟ್ಟಲೆ ಕಲ್ಗ ಒಯ್ಯುತ್ತಾರೆ.
ನಮ್ಮ ಗಿರಣಿಯಲ್ಲಿ ಇನ್ನೂ
ಕೆಲಸಕ್ಕಿರುವುದು ಅದೊಂದೇ.