ಬಾಗಿಲಲ್ಲಿ ಹೇಳಿದ್ದು

ಕರೆಂಟ್ ಹೋಗಿದ್ದರೆ ಅದನ್ನಾದರೂ ಬಯ್ಯಬಹುದಿತ್ತು.
ಕೈಗಾ ಇಲ್ಲೇ, ಗುಡ್ಡದಾಚೆ; ಆದರೂ ಹೋಗುತ್ತದೆ,
ಇನ್ವರ್ಟರು ಕುಂಯ್ ಎನ್ನುತ್ತದೆ, ನಾವು ನಗುತ್ತೇವೆ.
ಅವತ್ತು ಹೋಗಿರಲಿಲ್ಲ.
ಹೋದದ್ದು ನನ್ನ ಬೆರಳಿನಿಂದ.

ಕೋಡಿಬಾಗದ ದವಾಖಾನೆ. ಬುಧವಾರ, ಬಿ.ಪಿ.ಯವರ ದಿನ.
ಶೇವಂತಿ ತಾಂಡೇಲ, ಐವತ್ತಾರು,
ಮೀನಿನ ಬುಟ್ಟಿ ಹೊರಗಿಟ್ಟು ಬಂದಳು.
ತಲೆನೋವು. ನಿದ್ದೆಯಿಲ್ಲ. ನೂರ ಐವತ್ತೆಂಟು, ತೊಂಬತ್ತಾರು.
ಉಪ್ಪು ಕಡಿಮೆ ಮಾಡು ಎಂದೆ.
"ಉಪ್ಪಲ್ಲೇ ಬದುಕೋದು ಬಾಯೀ" ಎಂದಳು,
ಚೀಟಿ ಮಡಚಿ ಎದ್ದಳು.

ಬಾಗಿಲವರೆಗೆ ಹೋದ ಮೇಲೆಯೇ
ಜನ ಬಂದ ಕಾರಣ ಹೇಳುವುದು.
ಇಪ್ಪತ್ತು ವರ್ಷದಲ್ಲಿ ನಾನು ಕಲಿತ ವೈದ್ಯ ಇಷ್ಟೇ.
ಚಿಲಕದ ಮೇಲೆ ಕೈಯಿಟ್ಟು, ನನಗೆ ಬೆನ್ನು ಕೊಟ್ಟು,
ಅರ್ಧ ಕೊಂಕಣಿ, ಅರ್ಧ ಕನ್ನಡ,
ಹೇಳಿದಳು ಶೇವಂತಿ
ಮೂವತ್ತೆಂಟು ವರ್ಷ ಗಂಡನಿಗೂ ಹೇಳದ್ದನ್ನು.
(ಏನೆಂದು ಇಲ್ಲಿ ಬರೆಯುವುದಿಲ್ಲ.)
ನಾನು ತಲೆಯೆತ್ತದೆ ಟೈಪ್ ಮಾಡಿದೆ,
ಎತ್ತಿದರೆ ನಿಲ್ಲಿಸಿಬಿಡುತ್ತಾಳೆಂದು.
ಅವಳದೇ ಮಾತು, ಅವಳದೇ ಲೆಕ್ಕ, ನಾರಳಿ ಹುಣ್ಣಿಮೆಗೆ ಮುಂಚೆ,
ಅವಳು ಸುಮ್ಮನಾದಲ್ಲಿ ಮೂರು ಚುಕ್ಕೆ.

ಅವಳು ಅತ್ತ ಹೋದಳು. ಇತ್ತ ಮಾತ್ರೆ ಕೊಡುವ ಪೆಡ್ನೇಕರ ಇಣುಕಿದ:
ಐದರದು ಮುಗಿದಿದೆ, ಹತ್ತರದನ್ನು ಮುರಿದು ಕೊಡಲೆ?
ನೋಡುತ್ತೇನೆ ಎಂದು ಸ್ಟಾಕಿನ ಪುಟ ಒತ್ತಿದೆ.

ಯಾರೂ ಕೇಳಲಿಲ್ಲ.
ಅಂಕೋಲೆಯ ಬಸ್ಸಿನ ಕಂಡಕ್ಟರನೂ ಕೇಳುತ್ತಾನೆ,
ಇಳಿಯೋರು ಇದ್ದೀರಾ ಅಂತ.
ತಿರುಗಿ ಬಂದರೆ
ಶೇವಂತಿ ತಾಂಡೇಲ, ಐವತ್ತಾರು, ಹೆಣ್ಣು.
ಕೆಳಗೆ ಬಿಳಿ.
ಒಂದು ಕಡ್ಡಿ ಮಿಣುಕುತ್ತಿತ್ತು,
ನಾನಿನ್ನೂ ಏನೂ ಬರೆದೇ ಇಲ್ಲವೆಂಬಂತೆ.

ನೆನಪಿನಿಂದ ಬರೆದೆ. ನನ್ನ ಕನ್ನಡದಲ್ಲಿ ಆರು ಸಾಲಾಯಿತು.
ಊರು ಮಾಜಾಳಿಯೋ ಅರ್ಗೆಯೋ?
ಅವಳು ಅಂದದ್ದು "ಕೊಟ್ಟೆ" ಎಂದೋ, "ಬಿಟ್ಟೆ" ಎಂದೋ?
ಒಂದೇ ಅಕ್ಷರ.

ಹುಬ್ಬಳ್ಳಿಯ ಕಂಪನಿಯ ಹುಡುಗ ಒಳ್ಳೆಯವನೇ.
"ಮೇಡಂ, ನೀವು ಸೇವ್ ಒತ್ತಿಲ್ಲ."
ಒತ್ತಿಲ್ಲಪ್ಪ.
ಅಳುವವರ ಬೆನ್ನ ಹಿಂದೆ ಯಾವಾಗ ಒತ್ತಬೇಕೆಂದು
ನಿಮ್ಮ ತರಬೇತಿಯಲ್ಲಿ ಬಂದಿರಲಿಲ್ಲ.
ರಾತ್ರಿ ಕೂತು ಅವನಿಗೆ ಬರೆದೆ:
ನಾನು ಮರೆತರೂ ಅದು ಉಳಿಸಲಿ, ಉಸಿರಿಗೊಮ್ಮೆ.
ಪುಟ ಬಿಡುವಾಗ ತಡೆದು ಕೇಳಲಿ.
ಎಲ್ಲದಕ್ಕೂ ಕೇಳಬೇಡಿ ಮತ್ತೆ; ದಿನಕ್ಕೆ ನೂರು ಸಲ ಕೇಳಿದರೆ
ಓದದೆಯೇ ಹೂಂ ಅನ್ನುತ್ತದೆ ಬೆರಳು.
ಅಳಿಸಿದ್ದೂ ಅಡಿಯಲ್ಲಿ ಎಲ್ಲಾದರೂ ಇರಲಿ,
ಹಳೆ ರಿಜಿಸ್ಟರಿನಲ್ಲಿ
ಗೀಟು ಹೊಡೆದ ಸಾಲನ್ನೂ ಓದಬಹುದಿತ್ತು.

ದೋಣಿಗಳು ದಡಕ್ಕೇರಿದ ಜೂನಿನಲ್ಲಿ ಹೊಸದು ಬಂತು.
ಶೇವಂತಿಯೂ ಬಂದಳು, ಬುಟ್ಟಿಯಲ್ಲಿ ಒಣ ಬಂಗಡೆ.
ಕೇಳಿದೆ. "ಅವತ್ತೇ ಹೇಳಿದೆನಲ್ಲ" ಎಂದಳು,
"ನೀವು ಬರಕೊಂಡಿರಲ್ಲ."
ಅದು ಹೋಯಿತು, ನನ್ನ ಕೈಯಿಂದಲೇ, ಎಂದೆ.
"ಹೋಯ್ತಾ?"
ಪರದೆಯನ್ನು ನೋಡಿದಳು ಬಹಳ ಹೊತ್ತು,
ಅಲೆ ಎಳೆದುಕೊಂಡ ಚಪ್ಪಲಿಯನ್ನು ನೋಡುವ ಹಾಗೆ.
"ಹೋಗ್ಲಿ ಬಿಡಿ."
ಹಗುರಾದಳೋ, ನೊಂದಳೋ,
ಆ ಮುಖದಲ್ಲಿ ನನಗೆ ಓದಲಾಗಲಿಲ್ಲ.
ಬಾಗಿಲಲ್ಲಿ ನಿಲ್ಲಲಿಲ್ಲ ಈ ಸಲ.

"ಹೋಗ್ಲಿ ಬಿಡಿ, ಅಂದಳು" ಎಂದಷ್ಟೇ ಬರೆದೆ.
ಮೂಲೆಯಲ್ಲಿ ಸಣ್ಣಗೆ: ಕರಡು ಉಳಿದಿದೆ, ೧೧.೪೨.
ಪುಟ ಬಿಡಹೋದರೆ ನಡುವೆ ಪೆಟ್ಟಿಗೆಯೊಂದು ಎದ್ದು ನಿಂತಿತು:
ಇದನ್ನು ಇರಿಸಬೇಕೆ?

ಹೊರಗೆ ಅವಳು ಬುಟ್ಟಿ ತಲೆಗೇರಿಸಲು
ಯಾರನ್ನೋ ಕೂಗುತ್ತಿದ್ದಳು.
ಉತ್ತರಿಸದೆ ಎದ್ದು ಹೋದೆ.
ಒಂದು ಬದಿ ನಾನು ಹಿಡಿದೆ.