ವಾದಿ

ಕುಂದಾಪುರದ ಕೋರ್ಟಿನ ಹೊರಗೆ ಅರ್ಜಿ ಟೈಪು ಮಾಡುತ್ತಿದ್ದ ನನಗೆ
ವಾದಿಯೆಂದರೆ ದಾವೆ ಹೂಡಿದವನು.
ಮಸ್ಕತ್ತಿಗೆ ಬಂದ ಮೇಲೆ ತಿಳಿಯಿತು,
ವಾದಿಯೆಂದರೆ ಹೊಳೆ. ನೀರಿಲ್ಲದ್ದು.

ಅದರ ಪಾತ್ರದಲ್ಲೇ ಕಾರು ನಿಲ್ಲಿಸುತ್ತೇವೆ,
ಶುಕ್ರವಾರ ಕ್ರಿಕೆಟ್ಟು; ವಿಕೆಟ್ಟಿಗೆ ಎಣ್ಣೆಡಬ್ಬ.
ಈ ಬದಿಯ ಎರಡು ಗಲ್ಲಿ ಭಟ್ಕಳದವರದು,
ಮಸೀದಿಯ ಹಿಂದೆ ಬಲೂಚಿಗಳು,
ಗುಡ್ಡದ ಬುಡದಲ್ಲಿ ಜಂಜಿಬಾರಿನಿಂದ ಮರಳಿದವರು.
ಅವರ ಮುದುಕಿ ಜೋಖಾ
ಹಾಲಿನಪುಡಿಯ ಡಬ್ಬದಲ್ಲಿ ಯಾವುದೋ ಬಳ್ಳಿ ಸಾಕುತ್ತಾಳೆ.
ಹತ್ತು ವರ್ಷ; ಸಲಾಂ ಬಿಟ್ಟರೆ ಮಾತಿಲ್ಲ.
ನಕ್ಷೆಯಲ್ಲಿ ನಾವೆಲ್ಲ ಒಂದೇ ಊರು.

ಆ ರಾತ್ರಿ ದೂರದ ಬೆಟ್ಟಕ್ಕೆಲ್ಲೋ ಮಳೆ,
ಇಲ್ಲಿ ಹನಿಯೂ ಇಲ್ಲ.
ಮೊದಲು ಸದ್ದು ಬಂತು, ಲಾರಿ ಜಲ್ಲಿ ಸುರಿದ ಹಾಗೆ.
ಆಮೇಲೆ, ವಕೀಲರಿಲ್ಲದೆ, ವಾಯಿದೆ ಕೇಳದೆ,
ವಾದಿ ಖುದ್ದು ಹಾಜರು.

ಮೂರಂತಸ್ತಿನ ತಾರಸಿಯ ಮೇಲೆ ನಲವತ್ತು ಜನ.
ದರ್ಜಿ ಬಾರಿಯ ಎದೆಗೆ
ಒಂದೇ ತೋಳು ಹೊಲಿದ ಯಾರದೋ ದಿಶ್ದಾಶಾ.
ಫೋನಿನ ಬೆಳಕು ಆರಿಸಿ, ಒಂದು ಸಾಕು
ಎಂದು ಬಲೂಚಿ ಶಂಬೇ ಗದರುತ್ತಿದ್ದ.
ಜೋಖಾ ಡಬ್ಬ ಹೊತ್ತು ತಂದಿದ್ದಳು.
ಎಲೆ ಮುರಿದೆ. ಬೆರಳಿಗೆ ಲೋಳೆ.
ಬಸಳೆ! ಎಂದೆ.
ನ್ದೆರೆಮಾ, ಎಂದಳು, ಕೈಗೆ ಒಂದು ಪೆಟ್ಟು ಕೊಟ್ಟು.
ಬಸಳೆ.
ನ್ದೆರೆಮಾ.
ಬಾರಿ ನನ್ನ ಕಡೆ, ಶಂಬೇ ಅವಳ ಕಡೆ,
ಮಕ್ಕಳು ಎರಡೂ ಕಡೆ.

ಕೆಳಗೆ ನನ್ನ ಕೊರೊಲ್ಲಾ
ಹಿಂದಿನ ದೀಪ ಉರಿಸಿಕೊಂಡು
ಸಮುದ್ರದತ್ತ ಹೊರಟಿತ್ತು.
ಬೆಳಗಿನವರೆಗೂ ವಾದ ಮುಗಿಯಲಿಲ್ಲ.