ಎರಡನೆಯ ಕಾವು

ಕುಲುಮೆಯಿಂದ ಮೊದಲು ಹೊರಬಂದಾಗ
ಅದಕ್ಕೆ ಬಣ್ಣವೇ ಇರಲಿಲ್ಲ.
ಫೆಬ್ರುವರಿಯ ಯಿಜೆರಾ ನದಿಯ ನೀರಿನಂತೆ
ತುಸು ಒಣಹುಲ್ಲಿನ ಛಾಯೆ, ಅಷ್ಟೆ.
"ಇದರಲ್ಲಿ ನಿಜಕ್ಕೂ ಚಿನ್ನ ಇದೆಯಾ?" ಎಂದೆ.
ಪ್ರಯೋಗಾಲಯದಿಂದ ಬಂದ ಹೊಸಬಳು ನಾನು,
ಕಿಸೆಯಲ್ಲಿ ಪೆನ್ನು, ಕಾಲಿಗೆ ಹೊಂದದ ಬೂಟು.
ಬೋಹುಸ್ಲಾವ್ ಊದುಗೊಳವೆ ತಿರುಗಿಸುತ್ತಲೇ ಹೇಳಿದ:
"ಇದೆ, ವೆಂದುಲಾ. ಇನ್ನೂ ಎದ್ದಿಲ್ಲ."

ಆಮೇಲೆ ಎರಡನೆಯ ಕಾವು.
ಪಕ್ಕದ ಸಣ್ಣ ಗೂಡಿನ ಬಾಯಿಗೆ ಬಟ್ಟಲು ಒಡ್ಡಿ ನಿಂತ.
ನಾನು ಗಡಿಯಾರ ನೋಡುತ್ತಿದ್ದೆ, ಅವನು ಗಾಜನ್ನು.
ಒಂದೆಳೆ ಪಾಕ ಎರಡೆಳೆಗೆ ತಿರುಗುವಷ್ಟು ಹೊತ್ತು—
ಮೊದಲು ಅಂಚಿನಲ್ಲಿ, ಚಳಿಗೆ ಕಿವಿ ಕೆಂಪಾದ ಹಾಗೆ,
ಮತ್ತೆ ಮೈತುಂಬ.
ಯಾರೂ ಬಳಿಯದ ಕೆಂಪು.

ಒಳಗೇನಾಯಿತೆಂದು ನನಗೆ ಗೊತ್ತಿತ್ತು,
ಬರೆದು ಪಾಸಾಗಿದ್ದೆ.
ಒಂಟಿ ಪರಮಾಣುಗಳು ಬಿಸಿಗೆ ಕಾಲು ಬಂದು
ತಡವರಿಸುತ್ತ ಒಂದಕ್ಕೊಂದು ಸಿಕ್ಕಿ
ಹತ್ತಾಗಿ, ನೂರಾಗಿ, ಸಾವಿರವಾಗುತ್ತವೆ.
ಎರಡು ನ್ಯಾನೊಮೀಟರಿಗೂ ಕಡಿಮೆಯಿದ್ದರೆ
ಎಲೆಕ್ಟ್ರಾನುಗಳಿಗೆ ತೂಗಾಡಲು ಜಾಗ ಸಾಲದು;
ಗೋಡೆಗೆ ಬಡಿದು ಬಡಿದೇ ತಾಳ ತಪ್ಪುತ್ತದೆ.
ಹತ್ತು ದಾಟಲಿ, ಇಪ್ಪತ್ತಾಗಲಿ,
ಬೆಳಕು ಬಂದು ಮುಟ್ಟಿದ್ದೇ ತಡ
ಅಷ್ಟೂ ಒಟ್ಟಿಗೆ ಅತ್ತ, ಅಷ್ಟೂ ಒಟ್ಟಿಗೆ ಇತ್ತ,
ಸೊಂಟದ ಕೊಡದಲ್ಲಿ ನೀರು ತುಳುಕಿದಂತೆ.
ಹಸಿರನ್ನು ಕುಡಿದುಬಿಡುತ್ತವೆ, ಕೆಂಪನ್ನು ಮುಂದೆ ಕಳಿಸುತ್ತವೆ.
ಪುಸ್ತಕದಲ್ಲಿ ಇದರ ಹೆಸರು ಪ್ಲಾಸ್ಮಾನ್.
ಬೋಹುಸ್ಲಾವ್ ಬಾಯಲ್ಲಿ: ಏಳುವುದು.

ಗುರುವಾರ ಮತೌಷ್, ಹತ್ತೊಂಬತ್ತರ ಹುಡುಗ,
ನಲವತ್ತು ಬಟ್ಟಲು ಗೂಡಿಗಿಟ್ಟು
ಹಿತ್ತಲಲ್ಲಿ ಸೈಕಲ್ ಚೈನು ಸರಿಮಾಡುತ್ತ ಕೂತ.
ಡ್ರೆಸ್ಡೆನ್ನಿನ ಯಾರದೋ ಮದುವೆಯ ಬಟ್ಟಲುಗಳು.
ಬಾಗಿಲು ತೆರೆದರೆ ಕಸಾಯಿ ಅಂಗಡಿಯ ಪಿತ್ತಕೋಶದ ಬಣ್ಣ.
ಯಾರೂ ಬೈಯಲಿಲ್ಲ. ಅದೇ ಕಷ್ಟವಾಯಿತು.

ಒಂದನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದೆ.
ಐನೂರ ಇಪ್ಪತ್ತರಲ್ಲಿ ಚೂಪಾಗಿ ನಿಲ್ಲಬೇಕಿದ್ದ ಶಿಖರ
ಐನೂರ ಎಂಬತ್ತರತ್ತ ಜಾರಿ,
ಹೊಟ್ಟೆ ಬಿಟ್ಟುಕೊಂಡು ಮಲಗಿತ್ತು.
ಸೂಕ್ಷ್ಮದರ್ಶಕದಲ್ಲಿ ಎಣಿಸಿದೆ: ತೊಂಬತ್ತು, ನೂರು,
ಒಂದಂತೂ ನೂರ ಮೂವತ್ತು.
ಕೆಳಗಿಳಿದು, "ಕಣಗಳು ತೀರಾ ದೊಡ್ಡವಾಗಿವೆ" ಎಂದೆ.
"ಎಷ್ಟು ದೊಡ್ಡವು?"
"ನಿನ್ನ ತಲೆಗೂದಲನ್ನು ಅಡ್ಡಕ್ಕೆ ಎಂಟುನೂರು ಸೀಳು ಮಾಡಿದರೆ
ಅದರಲ್ಲಿ ಒಂದು ಸೀಳಿನಷ್ಟು."
"ಅದು ದೊಡ್ಡದೇನೇ!"
ನಕ್ಕ, ನಕ್ಕು ಕೆಮ್ಮಿದ,
ಅಷ್ಟು ಹೊತ್ತು ನೆಲ ನೋಡುತ್ತಿದ್ದ ಮತೌಷ್ ಕೂಡ ತಲೆಯೆತ್ತಿದ.

ಹೌದು, ದೊಡ್ಡದೇ.
ಬೆಳಕಿನ ಅಲೆಗೆ ಒಂದೇ ಹಿಡಿತಕ್ಕೆ ಸಿಗದಷ್ಟು.
ಈ ಅಂಚು ವಾಲಿದ ಮೇಲೆ ಆ ಅಂಚಿಗೆ ಸುದ್ದಿ ತಲುಪುತ್ತದೆ.
ಜೋಗುಳದ ತೊಟ್ಟಿಲು ಒಂದು ತೂಕದಲ್ಲಿ ತೂಗುತ್ತದೆ,
ದೋಣಿಯನ್ನು ಹಾಗೆ ತೂಗಲಾದೀತೆ?
ಮೇಲಾಗಿ ಈ ಗಾತ್ರಕ್ಕೆ ಕುಡಿದಷ್ಟನ್ನು ಉಗುಳುವ ಚಟ:
ಬಂದ ಬೆಳಕನ್ನು ಸುತ್ತಮುತ್ತ ಎರಚುತ್ತದೆ.

"ಇಲ್ಲಿ ನೋಡಿ," ಅಂದ ಮತೌಷ್,
ಹಾಳಾದ ಬಟ್ಟಲನ್ನು ಕಿಟಕಿಗೆ ಹಿಡಿದು.
ಅದರೊಳಗಿಂದ ಹಿಮ, ಚರ್ಚಿನ ಗೋಪುರ, ಸೇತುವೆ,
ಎಲ್ಲ ನೀಲಿ.
ಮೇಜಿಗಿಳಿಸಿದ, ಮತ್ತೆ ಕೆಸರುಗಂದು.
ಎತ್ತಿದ. ಇಳಿಸಿದ.

ಸಂಜೆ ಬೋಹುಸ್ಲಾವ್ ಮೂವತ್ತೊಂಬತ್ತನ್ನು ತಾನೇ ಒಡೆದು
ಚೂರಿನ ಡಬ್ಬಕ್ಕೆ ಸುರಿದ.
ಪೂರ್ತಿ ಕರಗಿಸಿದರೆ ಚಿನ್ನ ಎಲ್ಲ ಮರೆಯುತ್ತದಂತೆ,
ಮೊದಲಿನ ನೀರಾಗುತ್ತದಂತೆ.
ಆಗುತ್ತದೋ ಇಲ್ಲವೋ, ನಾನಿನ್ನೂ ಅಳೆದಿಲ್ಲ.

ನಲವತ್ತನೆಯದು ನನ್ನಲ್ಲಿದೆ.
ಬೆಳಿಗ್ಗೆ ಕರಿಕಾಫಿ ತುಂಬಿಸಿದರೆ ಕಂದು.
ಕುಡಿದು ಮುಗಿಸಿ,
ಆರಿದ ತಳವನ್ನು ಕಿಟಕಿಗೆ ಹಿಡಿದರೆ
ನೀಲಿ.